ರಾಜಕಾಲುವೆಯ ಮೋರಿ ಕಟ್ಟಿಕೊಳ್ಳದಂತೆ ಕಾಯುವುದು ಹೇಗೆ?

ಶಿಡ್ಲಘಟ್ಟ, ಚಿಂತಾಮಣಿ, ಚಿಕ್ಕಬಳ್ಳಾಪುರ ಮತ್ತು ಗೌರಿಬಿದನೂರು ಸೀಮೆಯಲ್ಲಿ ವರ್ಷವಿಡೀ ಹರಿಯುವ ನದಿ ಒಂದೂ ಇಲ್ಲ. ನಂದಿಬೆಟ್ಟ ಮತ್ತು ಅದರ ಆಸುಪಾಸಿನ ಬೆಟ್ಟಸಾಲಿನಲ್ಲಿ ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿ, ಚಿತ್ರಾವತಿ, ಪಾಪಾಗ್ನಿ ಮುಂತಾದ ಹೊಳೆಗಳು ಹುಟ್ಟುತ್ತವೆಯಾದರೂ ಅವು ಮಳೆ ಬಂದಾಗ ಹರಿದು, ಮಳೆ ನಿಂತ ಮೇಲೆ ಒಣಗುವಂಥವು. ವರ್ಷಕ್ಕೆ ಬೀಳುವ ಮಳೆ ಸುಮಾರು 700 ಮಿ.ಮೀ. ಆಸುಪಾಸಿನಲ್ಲಿದ್ದು, ಅದರ ದೊಡ್ಡ ಪಾಲು ಸೆಪ್ಟೆಂಬರ್ ಮತ್ತು ಅಕ್ಟೋಬರ್ ತಿಂಗಳುಗಳಲ್ಲೇ ಸುರಿದುಬಿಡುತ್ತದೆ. ಆದ್ದರಿಂದಲೇ ನಮ್ಮ ಹಿರಿಯರು ಒಂದರ ಕೆಳಗೊಂದರಂತೆ ಕೆರೆಗಳನ್ನು ಕಟ್ಟಿ, ಮೇಲಿನ ಕೆರೆಯ ಕೋಡಿ ನೀರು ರಾಜಕಾಲುವೆಯ ಮೂಲಕ ಕೆಳಗಿನ ಕೆರೆಗೆ ಇಳಿಯುವಂತೆ ಮಾಡಿದರು. ಇಂದು ಅಚ್ಚುಕಟ್ಟಿನಲ್ಲಿ ಭತ್ತ ನಾಟಿ ಮಾಡುವವರು ಕಡಿಮೆ. ಹಿಪ್ಪುನೇರಳೆ, ದ್ರಾಕ್ಷಿ, ಟೊಮೇಟೊ, ಹೂವು ಇವೆಲ್ಲ ಬಹುಮಟ್ಟಿಗೆ ಕೊಳವೆಬಾವಿಯನ್ನೇ ನೆಚ್ಚಿವೆ. ಆದರೆ ಕೊಳವೆಬಾವಿಗೆ ನೀರು ಇಳಿಯಬೇಕಾದರೂ ಕೆರೆ ತುಂಬಬೇಕು. ಕೆರೆ ತುಂಬಬೇಕಾದರೆ ಕಾಲುವೆ ಹರಿಯಬೇಕು.

ಕೆರೆಯ ಹೂಳೆತ್ತುವ ಬಗ್ಗೆ, ಏರಿ ಭದ್ರಪಡಿಸುವ ಬಗ್ಗೆ, ಕಾಲುವೆಯ ಒತ್ತುವರಿ ತೆರವು ಮಾಡುವ ಬಗ್ಗೆ ಸಾಕಷ್ಟು ಚರ್ಚೆ ನಡೆದಿದೆ, ಕೆಲಸವೂ ನಡೆದಿದೆ. ಇವೆಲ್ಲದರ ನಡುವೆ ಕಣ್ಣಿಗೆ ಬೀಳದೆ ಉಳಿಯುವ ಒಂದು ಜಾಗವಿದೆ. ಅದು ಕಾಲುವೆಯು ರಸ್ತೆಯನ್ನು ದಾಟುವ ಮೋರಿ. ಎರಡಡಿ ಅಗಲದ ಈ ಕಂಡಿ ಕಟ್ಟಿಕೊಂಡರೆ ಅದರ ಮೇಲಿನ ಎರಡು ಮೈಲಿ ಕಾಲುವೆ ಎಷ್ಟೇ ಸ್ವಚ್ಛವಾಗಿದ್ದರೂ ಕೆರೆಗೆ ನೀರು ಸೇರುವುದಿಲ್ಲ. ಈ ಲೇಖನದಲ್ಲಿ ಮೋರಿ ಕಟ್ಟಿಕೊಳ್ಳಲು ಕಾರಣಗಳೇನು, ಅದನ್ನು ತಡೆಯಲು ರೈತರು ಮತ್ತು ಗ್ರಾಮ ಪಂಚಾಯ್ತಿಯವರು ಕೂಡಿ ಏನು ಮಾಡಬಹುದು ಎಂಬುದನ್ನು ವಿವರಿಸಲಾಗಿದೆ.

ರಸ್ತೆಯೇ ಅಣೆಕಟ್ಟೆಯಾಗುವ ಬಗೆ

ಕೆರೆ ಕಾಲುವೆಗಳು ಹಳೆಯವು, ರಸ್ತೆಗಳು ಈಚಿನವು. ಮೊದಲು ಗಾಡಿಜಾಡು ಇದ್ದ ಕಡೆ ಕಾಲುವೆಯ ನೀರು ಜಾಡಿನ ಮೇಲೆಯೇ ಹರಿದು ಹೋಗುತ್ತಿತ್ತು. ಆಮೇಲೆ ಮಣ್ಣು ಏರಿಸಿ ರಸ್ತೆ ಮಾಡಿದಾಗ ಕೆಳಗೆ ಸಿಮೆಂಟಿನ ಪೈಪನ್ನೋ ಚಪ್ಪಡಿ ಮೋರಿಯನ್ನೋ ಇಟ್ಟರು. ಮುಂದೆ ಜಲ್ಲಿ ಬಿತ್ತು, ಡಾಂಬರು ಬಿತ್ತು, ಮತ್ತೊಮ್ಮೆ ಡಾಂಬರು ಬಿತ್ತು. ಪ್ರತಿ ಸಲವೂ ರಸ್ತೆ ಒಂದಿಷ್ಟು ಮೇಲೇರಿತು. ಕೆಳಗಿನ ಪೈಪು ಮಾತ್ರ ಇದ್ದಲ್ಲೇ ಇದ್ದು, ಕಾಲುವೆಯ ತಳದಲ್ಲಿ ಹೂಳು ತುಂಬಿದಂತೆಲ್ಲ ಅದು ಇನ್ನಷ್ಟು ಆಳಕ್ಕೆ ಹೋದಂತಾಯಿತು. ಹೀಗಾಗಿ ಇಂದು ಅನೇಕ ಊರುಗಳಲ್ಲಿ ರಸ್ತೆಯು ಕಾಲುವೆಗೆ ಅಡ್ಡವಾಗಿ ಕಟ್ಟಿದ ಏರಿಯಂತಿದ್ದು, ಮೋರಿಯು ಅದರ ತೂಬಿನಂತಿದೆ. ವ್ಯತ್ಯಾಸವೆಂದರೆ ಕೆರೆಯ ಏರಿಗೆ ಕಲ್ಲು ಹೊದಿಕೆ ಇರುತ್ತದೆ, ಜೇಡಿಮಣ್ಣಿನ ಗಟ್ಟಿ ಒಡಲು ಇರುತ್ತದೆ, ಹೆಚ್ಚಾದ ನೀರು ಹೋಗಲು ಕೋಡಿ ಇರುತ್ತದೆ. ರಸ್ತೆಗೆ ಇವು ಮೂರೂ ಇಲ್ಲ. ನೀರು ನಿಂತರೆ ಅದು ತಡೆಯಲಾರದು.

2021ರ ನವೆಂಬರ್‌ನಲ್ಲಿ ಚಿಕ್ಕಬಳ್ಳಾಪುರ ಮತ್ತು ಕೋಲಾರ ಜಿಲ್ಲೆಗಳಲ್ಲಿ ಸುರಿದ ಭಾರಿ ಮಳೆಯನ್ನು ರೈತರು ಮರೆತಿರಲಾರರು. ಎಷ್ಟೋ ವರ್ಷಗಳಿಂದ ತುಂಬದಿದ್ದ ಕೆರೆಗಳು ಕೋಡಿ ಬಿದ್ದವು. ಅದು ಸಂತೋಷದ ಸಂಗತಿಯೇ. ಆದರೆ ಅದೇ ದಿನಗಳಲ್ಲಿ ಕಟಾವಿಗೆ ಬಂದ ರಾಗಿ ಹೊಲದಲ್ಲೇ ಮೊಳೆಯಿತು, ರಸ್ತೆಗಳು ಕೊಚ್ಚಿಹೋದವು, ತೋಟಗಳಿಗೆ ನೀರು ನುಗ್ಗಿತು. ಬರಗಾಲದ ವರ್ಷಗಳಲ್ಲಿ ಕಾಲುವೆಯಲ್ಲಿ ನೀರೇ ಬಾರದೆ ಇರುವುದರಿಂದ ಮೋರಿಯ ನೆನಪು ಯಾರಿಗೂ ಬರುವುದಿಲ್ಲ. ಹತ್ತು ವರ್ಷ ಸುಮ್ಮನಿದ್ದ ಮೋರಿಗೆ ಒಂದೇ ರಾತ್ರಿಯಲ್ಲಿ ಪರೀಕ್ಷೆ ಒದಗುತ್ತದೆ.

ಒಂದು ಚಿಕ್ಕ ಲೆಕ್ಕ

ಮೋರಿಯ ಮೇಲ್ಭಾಗದಲ್ಲಿ 100 ಹೆಕ್ಟೇರು (ಸುಮಾರು 250 ಎಕರೆ) ಭೂಮಿಯ ನೀರು ಬಂದು ಸೇರುತ್ತದೆಂದು ಇಟ್ಟುಕೊಳ್ಳೋಣ. ಜೋರು ಮಳೆಯೊಂದರಲ್ಲಿ ಭೂಮಿ ಕುಡಿದು ಉಳಿದು ಹರಿಯುವ ನೀರು ಬರೀ ಒಂದು ಸೆಂಟಿಮೀಟರ್ ಎಂದರೂ ಅದು 10,000 ಘನ ಮೀಟರ್, ಅಂದರೆ ಒಂದು ಕೋಟಿ ಲೀಟರ್ ಆಗುತ್ತದೆ. 60 ಸೆಂ.ಮೀ. ವ್ಯಾಸದ ಒಂದು ಪೈಪು ತುಂಬಿ, ನೀರು ಸೆಕೆಂಡಿಗೆ ಒಂದೂವರೆ ಮೀಟರ್ ವೇಗದಲ್ಲಿ ಹರಿದರೆ ಇಷ್ಟು ನೀರು ದಾಟಲು ಸುಮಾರು ಆರೂವರೆ ಗಂಟೆ ಬೇಕು. ಪೈಪಿನ ಅರ್ಧಕ್ಕೆ ಹೂಳು ತುಂಬಿದ್ದರೆ ಹದಿಮೂರು ಗಂಟೆಗೂ ಮಿಗಿಲು. ಅದೇ 90 ಸೆಂ.ಮೀ. ಪೈಪಾದರೆ ಮೂರು ಗಂಟೆ ಸಾಕು.

ಮಳೆ ನೀರು ಇಷ್ಟು ಗಂಟೆ ಕಾಯುವುದಿಲ್ಲ. ಗುಡ್ಡದ ಬುಡದ ಜಮೀನಿನಿಂದ ಅದು ಒಂದೆರಡು ಗಂಟೆಯಲ್ಲಿ ಬಂದುಬಿಡುತ್ತದೆ. ಮೋರಿ ಚೊಕ್ಕಟವಾಗಿದ್ದಾಗಲೇ ನೀರು ಸ್ವಲ್ಪ ಹೊತ್ತು ಹಿಂದೆ ನಿಲ್ಲುವುದು ಸಹಜ. ಅರ್ಧ ಕಟ್ಟಿಕೊಂಡಿದ್ದರೆ ಅದು ರಸ್ತೆಯನ್ನು ಹತ್ತಿ ಹರಿಯುವುದು ಖಂಡಿತ. ಇಲ್ಲಿ ಇನ್ನೊಂದು ಮಾತನ್ನೂ ಗಮನಿಸಬೇಕು. ಹಣ ಉಳಿಸಲು ಎರಡು ಚಿಕ್ಕ ಪೈಪುಗಳನ್ನು ಜೋಡಿಯಾಗಿ ಇಡುವ ವಾಡಿಕೆಯಿದೆ. 60 ಸೆಂ.ಮೀ.ಯ ಎರಡು ಪೈಪುಗಳ ಬಾಯಿ ಕೂಡಿಸಿದರೂ 90 ಸೆಂ.ಮೀ.ಯ ಒಂದು ಪೈಪಿನ ಬಾಯಿಗಿಂತ ಕಡಿಮೆಯೇ. ಅಲ್ಲದೆ ಜೋಡಿ ಪೈಪುಗಳ ನಡುವಿನ ಗೋಡೆಯೇ ಕಸ ಸಿಕ್ಕಿಕೊಳ್ಳಲು ಒಳ್ಳೆಯ ಗೂಟವಾಗುತ್ತದೆ. ಹೊಸ ಮೋರಿ ಇಡುವ ಕಾಲಕ್ಕೆ ಊರಿನವರು ಈ ಮಾತನ್ನು ಎಂಜಿನಿಯರರ ಮುಂದಿಡುವುದು ಒಳ್ಳೆಯದು.

ಮೋರಿ ಕಟ್ಟುವುದು ಹೇಗೆ?

ಎಲೆ, ಹುಲ್ಲು, ಮಣ್ಣು ಇವು ತಾವಾಗಿ ಮೋರಿಯನ್ನು ಕಟ್ಟುವುದಿಲ್ಲ. ಅವು ನೀರಿನೊಡನೆ ಪೈಪಿನಲ್ಲಿ ನುಸುಳಿ ಹೋಗುತ್ತವೆ. ಮೊದಲು ಒಂದು ಉದ್ದನೆಯ ಕಡ್ಡಿ ಬಂದು ಪೈಪಿನ ಬಾಯಿಗೆ ಅಡ್ಡ ಸಿಕ್ಕಬೇಕು. ಅದಕ್ಕೆ ಎರಡನೆಯ ಕಡ್ಡಿ, ಮೂರನೆಯ ಕಡ್ಡಿ ತಗುಲಿಕೊಳ್ಳುತ್ತವೆ. ಬಳಿಕ ಪ್ಲಾಸ್ಟಿಕ್ ಹಾಳೆ ಬಂದು ಅವುಗಳ ಮೇಲೆ ಹೊದಿಕೆಯಂತೆ ಕೂರುತ್ತದೆ. ಹುಲ್ಲು ಸಂದು ತುಂಬುತ್ತದೆ, ಹೂಳು ಮೆತ್ತಿಕೊಳ್ಳುತ್ತದೆ. ಅಲ್ಲಿಗೆ ಪಕ್ಕಾ ಕಟ್ಟೆಯಾಯಿತು. ಆದ್ದರಿಂದ ಆ ಮೊದಲ ಉದ್ದ ಕಡ್ಡಿ ಮೋರಿಯ ಬಾಯಿಗೆ ಬಾರದಂತೆ ತಡೆದರೆ ಮುಕ್ಕಾಲು ಕೆಲಸ ಮುಗಿದಂತೆ.

ಈ ಕಡ್ಡಿ ಎಲ್ಲಿಂದ ಬರುತ್ತದೆ? ಬಳ್ಳಾರಿ ಜಾಲಿಯ ಕೊಂಬೆ, ಲಂಟಾನದ ಪೊದೆ, ತೆಂಗಿನ ಗರಿ, ನೀಲಗಿರಿಯ ರೆಂಬೆ ಎಲ್ಲ ಕಡೆಯೂ ಇರುವಂಥವು. ಶಿಡ್ಲಘಟ್ಟದ ಕಡೆ ಇವುಗಳ ಜೊತೆಗೆ ಇನ್ನೊಂದು ಸೇರುತ್ತದೆ: ಹಿಪ್ಪುನೇರಳೆ ಕಡ್ಡಿ. ರಾಜ್ಯದ ದೊಡ್ಡ ಗೂಡಿನ ಮಾರುಕಟ್ಟೆಗಳಲ್ಲಿ ಒಂದಾದ ಶಿಡ್ಲಘಟ್ಟದ ಸುತ್ತ ರೇಷ್ಮೆ ಸಾಕದ ಊರು ಅಪರೂಪ. ಮೊದಲು ಸೊಪ್ಪು ಬಿಡಿಸಿ ತಂದು ತಟ್ಟೆಯ ಹುಳುವಿಗೆ ಹಾಕುತ್ತಿದ್ದ ಕಾಲದಲ್ಲಿ ಕಡ್ಡಿ ತೋಟದಲ್ಲೇ ಉಳಿಯುತ್ತಿತ್ತು, ಒಲೆಗೂ ಆಗುತ್ತಿತ್ತು. ರೆಂಬೆ ಸಮೇತ ಸೊಪ್ಪು ಕೊಡುವ ಪದ್ಧತಿ ಬಂದ ಮೇಲೆ ಕೂಲಿ ಉಳಿಯಿತು, ಹುಳುವಿಗೂ ಅನುಕೂಲವಾಯಿತು. ಆದರೆ ಪ್ರತಿ ಬೆಳೆಯ ಕೊನೆಗೂ ಗಾಡಿಗಟ್ಟಲೆ ಬರಿಯ ಕಡ್ಡಿ ಸಾಕಣೆ ಮನೆಯ ಹಿಂದೆ ಬೀಳತೊಡಗಿತು. ಮನೆಗೆ ಗ್ಯಾಸಿನ ಒಲೆ ಬಂದುದರಿಂದ ಅದನ್ನು ಕೇಳುವವರಿಲ್ಲ. ಬೇಸಗೆಯಲ್ಲಿ ಒಣಗಿದ ಕಾಲುವೆ ಕಣ್ಣಿಗೆ ತಿಪ್ಪೆಯಂತೆಯೇ ಕಾಣುತ್ತದೆ. ಕಡ್ಡಿ ಅಲ್ಲಿಗೆ ಹೋಗುತ್ತದೆ. ನಾಲ್ಕೈದು ಅಡಿ ಉದ್ದದ ಕಡ್ಡಿ ಎರಡಡಿ ಪೈಪಿನ ಬಾಯಿಗೆ ಅಡ್ಡ ಸಿಕ್ಕಲು ಹೇಳಿ ಮಾಡಿಸಿದಂತಿರುತ್ತದೆ. ಟೊಮೇಟೊ ಮತ್ತು ಹೂವಿನ ತೋಟದಿಂದ ಕಿತ್ತ ಪ್ಲಾಸ್ಟಿಕ್ ಹೊದಿಕೆ, ಹಳೆಯ ಹನಿ ನೀರಾವರಿ ಕೊಳವೆ, ಟೊಮೇಟೊ ಊರುಗೋಲು ಇವೂ ಅದೇ ದಾರಿ ಹಿಡಿಯುತ್ತವೆ.

ಇತ್ತೀಚೆಗೆ ಇನ್ನೊಂದು ಕಾರಣ ಕೂಡಿದೆ. ಹೆಬ್ಬಾಳ–ನಾಗವಾರ ಕಣಿವೆ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ನೀರನ್ನು ಚಿಕ್ಕಬಳ್ಳಾಪುರ ಜಿಲ್ಲೆಯ ಕೆರೆಗಳಿಗೆ ಹರಿಸಲಾಗುತ್ತಿದೆ. ಈ ನೀರಿನಲ್ಲಿ ಸಾರಜನಕ, ರಂಜಕದ ಅಂಶ ಹೆಚ್ಚಿರುವುದರಿಂದ ಅದು ಹರಿಯುವ ಕಾಲುವೆಗಳಲ್ಲಿ ಜೊಂಡು ಮತ್ತು ನೀರುಕಳೆ ಹುಲುಸಾಗಿ ಬೆಳೆಯುತ್ತವೆ. ಕಾಲುವೆ ಒಣಗಿದ ಮೇಲೆ ತೆಗೆಯೋಣವೆಂದು ಕಾಯುವಂತಿಲ್ಲ. ಇಂಥ ಕಡೆ ವರ್ಷದ ಎಲ್ಲ ತಿಂಗಳೂ ನಿಗಾ ಬೇಕು.

ಬೀವರ್ ಪ್ರಾಣಿ ಕಲಿಸಿದ ಪಾಠ

ಮೋರಿಗೆ ಕಸ ಬರುತ್ತದೆಂದರೆ ಪೈಪಿನ ಬಾಯಿಗೇ ಕಬ್ಬಿಣದ ಜರಡಿ ಬಡಿದುಬಿಟ್ಟರೆ ಸಾಲದೇ ಎಂದು ಅನೇಕ ರೈತರು ಕೇಳುತ್ತಾರೆ. ಕೆಲವು ಕಡೆ ಹಾಗೆ ಮಾಡಿದ್ದೂ ಉಂಟು. ಇದು ಸರಿಯಲ್ಲ ಎಂಬುದನ್ನು ತಿಳಿಯಲು ನಾವು ಸ್ವಲ್ಪ ದೂರ, ಉತ್ತರ ಅಮೆರಿಕಕ್ಕೆ ಹೋಗಿಬರಬೇಕು.

ಅಲ್ಲಿ ಮತ್ತು ಯೂರೋಪಿನಲ್ಲಿ ಬೀವರ್ ಎಂಬ ಪ್ರಾಣಿಯಿದೆ. ಇದು ಇಲಿ, ಅಳಿಲುಗಳ ಬಳಗಕ್ಕೆ ಸೇರಿದ್ದು. ಇಪ್ಪತ್ತು ಕಿಲೋ ಆಸುಪಾಸು ತೂಗುತ್ತದೆ. ಬಾಲ ಅಗಲವಾಗಿ ಚಪ್ಪಟೆಯಾಗಿರುತ್ತದೆ. ನಮ್ಮ ದೇಶದಲ್ಲಿ ಇದು ಇಲ್ಲ. ನಮ್ಮ ಹೊಳೆಗಳ ನೀರುನಾಯಿ ಬೇರೆ. ಅದು ಮೀನು ತಿನ್ನುವಂಥದು, ಕಟ್ಟೆ ಕಟ್ಟುವುದಿಲ್ಲ. ಬೀವರ್ ಹಲ್ಲಿನಿಂದ ಮರ ಕಡಿದು, ಕೊಂಬೆ, ಮಣ್ಣು, ಕಲ್ಲು ಸೇರಿಸಿ ತೊರೆಗೆ ಅಡ್ಡಲಾಗಿ ಕಟ್ಟೆ ಹಾಕಿ, ಹಿಂದೆ ನಿಂತ ನೀರಿನಲ್ಲಿ ಮನೆ ಮಾಡಿಕೊಳ್ಳುತ್ತದೆ. ಹರಿಯುವ ನೀರಿನ ಸದ್ದು ಕೇಳಿದರೆ ಅದಕ್ಕೆ ಕಟ್ಟುವ ಹುಮ್ಮಸ್ಸು. ಸ್ವೀಡನ್ನಿನ ಪ್ರಾಣಿಶಾಸ್ತ್ರಜ್ಞ ಲಾರ್ಸ್ ವಿಲ್ಸನ್ ಅವರು ಹರಿಯುವ ನೀರಿನ ಸದ್ದನ್ನು ಧ್ವನಿವರ್ಧಕದಿಂದ ಕೇಳಿಸಿದಾಗ, ಆ ಪ್ರಾಣಿಗಳು ಧ್ವನಿವರ್ಧಕದ ಬಳಿಯೇ ಕಡ್ಡಿ ಮಣ್ಣು ಪೇರಿಸಿದವು. ರಸ್ತೆಯ ಮೋರಿಯಲ್ಲಿ ನೀರು ಒತ್ತರಿಸಿ ಸದ್ದು ಮಾಡಿಕೊಂಡು ನುಗ್ಗುವುದರಿಂದ ಬೀವರ್‌ಗೆ ಅದೇ ಪ್ರಿಯವಾದ ಜಾಗ. ಅದರ ದೃಷ್ಟಿಯಲ್ಲಿ ರಸ್ತೆಯೆಂಬುದು ಯಾರೋ ಮುಕ್ಕಾಲು ಕಟ್ಟಿ ಒಂದು ತೂತು ಬಿಟ್ಟಿರುವ ಕಟ್ಟೆ!

ಅಲ್ಲಿನವರು ಮೊದಲು ಮಾಡಿದ್ದು ನಮ್ಮವರು ಯೋಚಿಸಿದ್ದನ್ನೇ. ಪೈಪಿನ ಬಾಯಿಗೆ ಜರಡಿ ಬಡಿದರು. ಬೀವರ್ ಒಳಗೆ ಹೋಗುವುದೇನೋ ನಿಂತಿತು. ಆದರೆ ಜರಡಿಯ ಸರಳುಗಳಿಗೇ ಕಡ್ಡಿ ಸಿಕ್ಕಿಸಿ ಕಟ್ಟೆ ಮುಗಿಸುವುದು ಅದಕ್ಕೆ ಮೊದಲಿಗಿಂತ ಸುಲಭವಾಯಿತು. 1990ರ ದಶಕದಲ್ಲಿ ಅಮೆರಿಕದ ಮೇನ್ ಪ್ರಾಂತ್ಯದಲ್ಲಿ ಪೆನಾಬ್‌ಸ್ಕಾಟ್ ಆದಿವಾಸಿಗಳ ಭೂಮಿಯಲ್ಲಿ ಕೆಲಸ ಮಾಡುತ್ತಿದ್ದ ಸ್ಕಿಪ್ ಲೈಲ್ ಎಂಬುವರು ಬೇರೆ ದಾರಿ ಹಿಡಿದರು. ಜರಡಿಯನ್ನು ಬಾಯಿಯಿಂದ ದೂರ ತೆಗೆದು, ಮೋರಿಯ ಮುಂದೆ ದೊಡ್ಡ ಅಂಗಳ ಬಿಟ್ಟು ಸುತ್ತ ಬೇಲಿ ಹಾಕಿದರು. ಬೇಲಿ ಉದ್ದವಾದ್ದರಿಂದ ನೀರು ಅದರ ಉದ್ದಕ್ಕೂ ಹಂಚಿಕೊಂಡು ಮೆಲ್ಲನೆ ಒಳಬರುತ್ತದೆ. ಅಷ್ಟು ಉದ್ದವನ್ನೂ ಮುಚ್ಚುವುದು ಕಷ್ಟ. ಒಂದು ಕಡೆ ಮುಚ್ಚಿದರೆ ಇನ್ನೊಂದು ಕಡೆ ನೀರು ಬರುತ್ತದೆ.

ನಮ್ಮಲ್ಲಿ ಬೀವರ್ ಇಲ್ಲ. ಅದರ ಕೆಲಸವನ್ನು ನಮ್ಮಲ್ಲಿ ಪ್ರವಾಹವೇ ಮಾಡುತ್ತದೆ. ಕಡ್ಡಿಯನ್ನು ನಾವೇ ಒದಗಿಸುತ್ತೇವೆ. ಆದರೆ ನಿಯಮ ಒಂದೇ. ಬಾಯಿಗೆ ಬಡಿದ ಜರಡಿಯ ವಿಸ್ತೀರ್ಣ ಪೈಪಿನಷ್ಟೇ ಇರುವುದರಿಂದ ಹತ್ತು ಕಡ್ಡಿ, ಒಂದು ಪ್ಲಾಸ್ಟಿಕ್ ಹಾಳೆ ಸಾಕು, ಮುಚ್ಚಿಹೋಗುತ್ತದೆ. ದೂರದಲ್ಲಿ, ಅಗಲವಾಗಿ ಹಾಕಿದ ಬೇಲಿಗೆ ಒಂದು ಗಾಡಿ ಕಡ್ಡಿ ಬಂದರೂ ಅಷ್ಟು ಬೇಗ ಕಟ್ಟುವುದಿಲ್ಲ.

ಕಲ್ಲುಕಂಬದ ಕಸತಡೆ

ಈ ಭಾಗದಲ್ಲಿ ಇದಕ್ಕೆ ಹೇಳಿ ಮಾಡಿಸಿದ ಸಾಮಗ್ರಿ ಇದೆ. ದ್ರಾಕ್ಷಿ ಚಪ್ಪರಕ್ಕೆ ಬಳಸುವ ಕಲ್ಲುಕಂಬ. ಹಳೆಯ ಚಪ್ಪರ ಕಿತ್ತಾಗ ಉಳಿದ ಮುರುಕು ಕಂಬಗಳಿದ್ದರೂ ನಡೆಯುತ್ತದೆ. ನಾಲ್ಕೂವರೆ ಅಡಿ ಉದ್ದವಿದ್ದರೆ ಸಾಕು. ಕಬ್ಬಿಣದ ಸರಳು ತುಕ್ಕು ಹಿಡಿಯುತ್ತದೆ, ಅದಕ್ಕಿಂತ ಮೊದಲು ಕಳುವಾಗುತ್ತದೆ. ಕಲ್ಲಿಗೆ ಆ ಭಯವಿಲ್ಲ.

60 ಸೆಂ.ಮೀ. ಪೈಪಿನ ಮೋರಿಯಾದರೆ ಬಾಯಿಯಿಂದ 2 ಮೀಟರ್ ದೂರದಲ್ಲಿ ಅರ್ಧ ಚಂದ್ರಾಕಾರದ ಗೆರೆ ಎಳೆಯಬೇಕು. ಈ ಗೆರೆಯ ಉದ್ದ ಸುಮಾರು 6 ಮೀಟರ್ ಆಗುತ್ತದೆ. ಗೆರೆಯ ಮೇಲೆ ಕಂಬದಿಂದ ಕಂಬಕ್ಕೆ 20 ಸೆಂ.ಮೀ. ಸಂದು ಬಿಟ್ಟು ಕಂಬಗಳನ್ನು ನೆಡಬೇಕು. ಅರ್ಧ ಅಡಿ ಅಗಲದ ಕಂಬವಾದರೆ ಹದಿನೆಂಟು ಬೇಕಾಗುತ್ತವೆ. ಎರಡಡಿ ನೆಲದೊಳಗೆ, ಎರಡೂವರೆ ಅಡಿ ಮೇಲೆ. ಬುಡಕ್ಕೆ ದಪ್ಪ ಜಲ್ಲಿ ಹಾಕಿ ಬಿಗಿಯಾಗಿ ಬಡಿಯಬೇಕು. ಮರಳು ನೆಲವಾದರೆ ಕಾಂಕ್ರೀಟ್ ಹಾಕುವುದು ಒಳ್ಳೆಯದು. ಎರಡಡಿ ನೀರು ನಿಂತಾಗ ಈ ಸಂದುಗಳ ಒಟ್ಟು ವಿಸ್ತೀರ್ಣ ಪೈಪಿನ ಬಾಯಿಯ ಏಳು ಪಟ್ಟು ಇರುತ್ತದೆ. ಅಂದರೆ ಅರ್ಧಕ್ಕೂ ಹೆಚ್ಚು ಸಂದುಗಳು ಕಸದಿಂದ ಮುಚ್ಚಿದರೂ ಪೈಪಿಗೆ ಬೇಕಾದಷ್ಟು ನೀರು ಒಳಗೆ ಬರುತ್ತಿರುತ್ತದೆ.

ಸಂದು ಇನ್ನೂ ಕಿರಿದಾಗಿದ್ದರೆ ಒಳ್ಳೆಯದಲ್ಲವೇ ಎನಿಸಬಹುದು. ಅಲ್ಲ. ಎಲೆ, ಹುಲ್ಲು, ತುಂಡು ಕಡ್ಡಿ ಇವು ಹಾದುಹೋಗಲೇಬೇಕು. ಪೈಪಿನಲ್ಲಿ ಸಲೀಸಾಗಿ ಹೋಗಬಲ್ಲದ್ದನ್ನು ಹೊರಗೆ ತಡೆದು ಕೂಡಿಹಾಕುವುದರಿಂದ ಪ್ರಯೋಜನವಿಲ್ಲ. ಪೈಪಿನ ವ್ಯಾಸದ ಮೂರನೇ ಒಂದು ಭಾಗದಷ್ಟು ಸಂದು ಇರಲಿ.

ಕಂಬದ ಎತ್ತರದ ವಿಷಯದಲ್ಲಿ ಎಚ್ಚರ ಅಗತ್ಯ. ಕಂಬದ ತಲೆಯು ರಸ್ತೆಯ ಮಟ್ಟಕ್ಕಿಂತ ಕನಿಷ್ಠ ಒಂದೂವರೆ ಅಡಿ ಕೆಳಗಿರಬೇಕು. ಬೇಲಿ ಪೂರ್ತಿ ಕಟ್ಟಿಕೊಂಡ ಕೆಟ್ಟ ರಾತ್ರಿಯಲ್ಲಿ ನೀರು ಬೇಲಿಯ ಮೇಲೆ ಹಾರಿ ಮೋರಿಯನ್ನು ಸೇರಬೇಕೇ ಹೊರತು ರಸ್ತೆಯನ್ನು ಹತ್ತಬಾರದು. ರಸ್ತೆ ಅಷ್ಟು ಎತ್ತರವಿಲ್ಲದ ಕಡೆ ಕಂಬವನ್ನೂ ಗಿಡ್ಡ ಮಾಡಬೇಕು.

ಕಾಲುವೆ ಕಿರಿದಾಗಿ ಅರ್ಧ ಚಂದ್ರಕ್ಕೆ ಜಾಗವಿಲ್ಲದಿದ್ದರೆ ಕಂಬಗಳನ್ನು ನೇಗಿಲ ಮೊನೆಯಂತೆ, ಮೊನೆ ನೀರು ಬರುವ ಕಡೆಗೆ ಇರುವಂತೆ ಎರಡು ಸಾಲಾಗಿ ನೆಡಬಹುದು. ಒಂದೊಂದು ಸಾಲೂ 3 ಮೀಟರ್ ಇದ್ದರೆ ಉದ್ದ ಅಷ್ಟೇ ಆಯಿತು. ಇದರಲ್ಲಿ ಒಂದು ಲಾಭವೂ ಇದೆ: ಪ್ರವಾಹವು ಕಸವನ್ನು ಎರಡೂ ದಡಕ್ಕೆ ತಳ್ಳುವುದರಿಂದ ಅದನ್ನು ದಡದ ಮೇಲೆ ನಿಂತೇ ಎಳೆದು ಹಾಕಬಹುದು. ಬೇಲಿಗೆ ಸ್ವಲ್ಪ ಮೇಲೆ ಕಾಲುವೆಯ ತಳವನ್ನು ಒಂದಡಿ ಆಳ, ಎರಡು ಮಾರು ಉದ್ದ ತೋಡಿಬಿಟ್ಟರೆ ಹೂಳು ಅಲ್ಲಿಯೇ ಕೂರುತ್ತದೆ. ಆ ಹೂಳು ಹಿಪ್ಪುನೇರಳೆ ತೋಟಕ್ಕೆ ಒಳ್ಳೆಯದು. ತೆಗೆದುಕೊಂಡು ಹೋಗಲು ಜನ ತಾವಾಗಿ ಮುಂದೆ ಬರುತ್ತಾರೆ.

ಇದನ್ನು ಯಾರೊಬ್ಬರೂ ತಮ್ಮಷ್ಟಕ್ಕೆ ಮಾಡಬಾರದು. ಮೋರಿಯು ಲೋಕೋಪಯೋಗಿ ಇಲಾಖೆಯದೋ, ಪಂಚಾಯತ್ ರಾಜ್ ಎಂಜಿನಿಯರಿಂಗ್ ಇಲಾಖೆಯದೋ, ಗ್ರಾಮ ಪಂಚಾಯ್ತಿಯದೋ ಎಂದು ಮೊದಲು ತಿಳಿದುಕೊಂಡು, ಅವರ ಎಂಜಿನಿಯರರಿಗೆ ಸ್ಥಳ ತೋರಿಸಿ ಒಪ್ಪಿಗೆ ಪಡೆಯುವುದು ಅವಶ್ಯ.

ಇಲಿ, ಏಡಿ, ಮುಳ್ಳುಹಂದಿ

ಬೀವರ್ ಇಲ್ಲದಿದ್ದರೂ ಅದರ ಬಂಧುಗಳು ನಮ್ಮಲ್ಲಿವೆ. ಅವು ಮೋರಿಯನ್ನು ಕಟ್ಟುವುದಿಲ್ಲ; ಅದರ ಪಕ್ಕದ ಮಣ್ಣನ್ನು ತೋಡುತ್ತವೆ. ಹೆಗ್ಗಣ ಮತ್ತು ಗದ್ದೆ ಇಲಿ ಪೈಪಿನ ಮೈಗೆ ಹೊಂದಿಕೊಂಡು ಬಿಲ ಮಾಡುವುದು ಸಾಮಾನ್ಯ. ಅಲ್ಲಿ ಮಣ್ಣು ಸಡಿಲವಾಗಿರುತ್ತದೆ, ಮೇಲೆ ಪೈಪಿನ ಆಸರೆ ಇರುತ್ತದೆ. ಏಡಿಯು ನೀರಿನ ಅಂಚಿನಲ್ಲಿ ತೂತು ಮಾಡುತ್ತದೆ. ಬೆಟ್ಟದ ಬದಿಯ ಊರುಗಳಲ್ಲಿ ಮುಳ್ಳುಹಂದಿಯ ದೊಡ್ಡ ಬಿಲಗಳೂ ಕಾಣಸಿಗುತ್ತವೆ. ಮೋರಿ ತೆರೆದಿರುವಾಗ ಈ ಬಿಲಗಳಿಂದ ಅಂಥ ಅಪಾಯವಿಲ್ಲ. ಮೋರಿ ಕಟ್ಟಿಕೊಂಡು ನೀರು ಹಿಂದೆ ನಿಂತಾಗ ಮಾತ್ರ ಅದು ಬಿಲ ಹಿಡಿದು ಪೈಪಿನ ಹೊರಮೈ ಉದ್ದಕ್ಕೂ ನುಗ್ಗಿ, ಮಣ್ಣು ಕೊರೆದು, ರಸ್ತೆಯನ್ನು ಒಳಗಿನಿಂದ ಟೊಳ್ಳು ಮಾಡುತ್ತದೆ. ಮೇಲೆ ಡಾಂಬರು ನೆಟ್ಟಗಿರುತ್ತದೆ. ಬೆಳಗಿನ ಹಾಲಿನ ವಾಹನವೋ ಗೂಡಿನ ಟೆಂಪೋವೋ ಬಂದಾಗ ಕುಸಿಯುತ್ತದೆ.

ಇದನ್ನು ಮೊದಲೇ ಕಂಡುಹಿಡಿಯಲು ಸುಲಭ ಉಪಾಯವಿದೆ. ಮಳೆ ನಿಂತ ಮಾರನೆಯ ದಿನ ರಸ್ತೆಯ ಕೆಳಬದಿಗೆ ಹೋಗಿ ನೋಡಬೇಕು. ಪೈಪಿನ ಬಾಯಿಯನ್ನು ಬಿಟ್ಟು ಅದರ ಪಕ್ಕದಲ್ಲಿ ನೀರು ಒಸರುತ್ತಿದೆಯೇ? ಒಸರುವ ನೀರು ತಿಳಿಯಾಗಿದ್ದರೆ ಕಾಯಬಹುದು. ಕೆಂಪಗೆ ಕದಡಿ ಬರುತ್ತಿದ್ದರೆ ಒಳಗೆ ಮಣ್ಣು ಕೊಚ್ಚುತ್ತಿದೆ ಎಂದರ್ಥ. ಆ ದಿನವೇ ರಸ್ತೆಗೆ ಅಡ್ಡ ಕಲ್ಲಿಟ್ಟು, ಭಾರದ ವಾಹನಗಳನ್ನು ತಡೆದು, ಪಂಚಾಯ್ತಿಗೆ ತಿಳಿಸಬೇಕು.

ಬಿಲದ ಬಾಯಿಗೆ ಕಲ್ಲು ತುರುಕುವುದರಿಂದ ಉಪಯೋಗವಿಲ್ಲ. ಒಳಗಿನ ಟೊಳ್ಳು ಹಾಗೆಯೇ ಉಳಿಯುತ್ತದೆ. ಬೇಸಗೆಯಲ್ಲಿ ಬಿಲವನ್ನು ಕೊನೆಯವರೆಗೂ ಅಗೆದು ಬಿಡಿಸಿ, ನೀರು ಚಿಮುಕಿಸಿದ ಜೇಡಿಮಣ್ಣನ್ನು ಅರ್ಧ ಅಡಿಯ ಪದರಗಳಲ್ಲಿ ತುಂಬಿ, ಪ್ರತಿ ಪದರವನ್ನೂ ದಿಮ್ಮಸಿನಿಂದ ಬಡಿಯಬೇಕು. ನೀರು ಬರುವ ಕಡೆ ಪೈಪಿನ ಎರಡೂ ಪಕ್ಕ ಮೂರಡಿಯಷ್ಟು ಅಗಲಕ್ಕೆ ಗಾರೆ ಹಾಕಿ ಕಲ್ಲು ಹೊದಿಸಿದರೆ ಇಲಿ, ಏಡಿ ಎರಡಕ್ಕೂ ತಡೆಯಾಗುತ್ತದೆ. ಮೋರಿಯ ಬಳಿ ರಾಗಿ ಮೆದೆ ಹಾಕಬಾರದು. ಕಾಳು ಇರುವ ಕಡೆ ಇಲಿ ಇದ್ದೇ ಇರುತ್ತದೆ. ಇಲಿ ಹಿಡಿಯಲು ಬೋನು ಇಡಬಹುದು. ವಿಷದ ತಿಂಡಿಯನ್ನು ಮಾತ್ರ ಮೋರಿಯ ಬದಿಯಲ್ಲಿ ಇಡುವುದು ಸರ್ವಥಾ ಸಲ್ಲದು. ಮಳೆ ಬಂದರೆ ಅದು ನೇರವಾಗಿ ಕೆರೆಗೆ, ಕೆರೆಯಿಂದ ದನಗಳ ಬಾಯಿಗೆ ಹೋಗುತ್ತದೆ. ಮುಳ್ಳುಹಂದಿಯು ವನ್ಯಜೀವಿ ಸಂರಕ್ಷಣಾ ಕಾಯಿದೆಯ ರಕ್ಷಣೆಯಲ್ಲಿರುವ ಪ್ರಾಣಿಯಾದ್ದರಿಂದ ಅದನ್ನು ಹಿಡಿಯುವುದಾಗಲಿ ಕೊಲ್ಲುವುದಾಗಲಿ ಅಪರಾಧ. ಅರಣ್ಯ ಇಲಾಖೆಯವರಿಗೆ ತಿಳಿಸಿ, ಅದು ಬಿಲ ಬಿಟ್ಟ ಮೇಲೆ ಮುಚ್ಚಬೇಕು.

ಶುಚಿ ಮಾಡುವ ಕಾಲ ಮತ್ತು ಕ್ರಮ

ವರ್ಷಕ್ಕೆ ಎರಡು ಸಲ ಮೋರಿ ನೋಡುವುದು ಕಡ್ಡಾಯ. ಒಂದು, ಮೇ ತಿಂಗಳಲ್ಲಿ ಮುಂಗಾರಿಗೆ ಮೊದಲು. ಇನ್ನೊಂದು, ಆಗಸ್ಟ್ ಕೊನೆಗೆ, ಹುಬ್ಬೆ ಮಳೆ ಹಿಡಿಯುವ ಮೊದಲು. ಎರಡನೆಯದನ್ನು ಜನ ಬಿಟ್ಟುಬಿಡುತ್ತಾರೆ. ನಮ್ಮ ಭಾಗದ ದೊಡ್ಡ ನೀರು ಬರುವುದು ಉತ್ತರೆ, ಹಸ್ತ, ಚಿತ್ತೆ ಮಳೆಗಳಲ್ಲಿ. ಮುಂಗಾರಿನ ಸಣ್ಣ ಹರಿವು ತಂದು ಕೂಡಿಸಿದ ಕಸ ಅಷ್ಟರಲ್ಲಿ ಮೋರಿಯ ಮುಂದೆ ಕಾದು ಕುಳಿತಿರುತ್ತದೆ. ಆದ್ದರಿಂದ ಒಂದೇ ಸಲ ಮಾಡಲು ಸಾಧ್ಯವೆಂದಾದರೆ ಆಗಸ್ಟಿನದನ್ನು ಮಾಡಿರಿ.

ಪೈಪಿನ ಒಂದು ತುದಿಯಲ್ಲಿ ಬ್ಯಾಟರಿ ಬಿಟ್ಟು ಇನ್ನೊಂದು ತುದಿಯಿಂದ ನೋಡಿದರೆ ಒಳಗೆ ಎಷ್ಟು ತುಂಬಿದೆ ಎಂದು ತಿಳಿಯುತ್ತದೆ. ವ್ಯಾಸದ ಕಾಲು ಭಾಗ ಹೂಳಿದ್ದರೆ ಬಾಯಿಯ ಐದನೇ ಒಂದು ಪಾಲು ಹೋಯಿತೆಂದು ತಿಳಿಯಬೇಕು. ಅದಕ್ಕಿಂತ ಹೆಚ್ಚಿದ್ದರೆ ತಡ ಮಾಡಬಾರದು. ಕೆಲಸವನ್ನು ಕೆಳಬದಿಯಿಂದ ಪ್ರಾರಂಭಿಸಬೇಕು. ಹೊರಬಾಯಿಯ ಮುಂದಿನ ಹೂಳು ತೆಗೆದು ಇಳಿಜಾರು ಕೊಡದೆ ಮೇಲಿನಿಂದ ಎಷ್ಟು ತಳ್ಳಿದರೂ ಮಣ್ಣು ಒಳಗೇ ಉಳಿಯುತ್ತದೆ. ಉದ್ದ ಬಿದಿರಿನ ಗಳದಿಂದ ಹಗ್ಗವನ್ನು ಪೈಪಿನೊಳಗೆ ತೂರಿಸಿ, ನಡುವೆ ಹಳೆಯ ಸ್ಕೂಟರ್ ಟೈರು ಕಟ್ಟಿ, ಎರಡೂ ಕಡೆ ಇಬ್ಬಿಬ್ಬರು ನಿಂತು ಹಿಂದಕ್ಕೂ ಮುಂದಕ್ಕೂ ಎಳೆದರೆ ಹೂಳು ಚೆನ್ನಾಗಿ ಹೊರಬರುತ್ತದೆ. ಪೈಪಿನೊಳಗೆ ಆಳನ್ನಾಗಲಿ ಹುಡುಗರನ್ನಾಗಲಿ ನುಗ್ಗಿಸಬಾರದು. ಹಾವಿನ ಭಯವಿದೆ, ಕೆಟ್ಟ ಗಾಳಿಯ ಭಯವಿದೆ.

ಇದಕ್ಕಿಂತ ದೊಡ್ಡ ಎಚ್ಚರಿಕೆಯೊಂದಿದೆ. ಮಳೆಯ ರಾತ್ರಿ ನೀರು ನಿಂತದ್ದು ಕಂಡು, ಹುಮ್ಮಸ್ಸಿನ ಯುವಕರು ಗುದ್ದಲಿ ಹಿಡಿದು ಮೋರಿಯ ಬಾಯಿಗೆ ಇಳಿಯುವುದುಂಟು. ದಯವಿಟ್ಟು ಇಳಿಯಬೇಡಿರಿ. ಸಿಕ್ಕಿದ ಕಡ್ಡಿ ಕದಲಿದ ಕ್ಷಣವೇ ಹಿಂದೆ ನಿಂತ ಅಷ್ಟೂ ನೀರು ಒಮ್ಮೆಲೇ ನುಗ್ಗಿ ಮನುಷ್ಯನನ್ನು ಪೈಪಿನೊಳಕ್ಕೆ ಎಳೆದುಕೊಳ್ಳುತ್ತದೆ. ಈಜು ಬಲ್ಲವನಿಗೂ ಅಲ್ಲಿ ಉಪಾಯವಿಲ್ಲ. ಎರಡೂ ಬದಿ ವಾಹನ ತಡೆದು, ಬೆಳಕಾಗುವವರೆಗೆ, ನೀರು ಇಳಿಯುವವರೆಗೆ ಕಾಯಬೇಕು. ರಸ್ತೆ ಕೊಚ್ಚಿಹೋದರೆ ಹೋಗಲಿ, ಮತ್ತೆ ಹಾಕಬಹುದು.

ಕಡ್ಡಿಗೆ ಬೇರೆ ದಾರಿ

ಕಾಲುವೆಗೆ ಕಡ್ಡಿ ಹಾಕಬೇಡಿ ಎಂದು ಹೇಳಿದರೆ ಸಾಲದು, ಎಲ್ಲಿ ಹಾಕಬೇಕೆಂದೂ ಹೇಳಬೇಕು. ಹಿಪ್ಪುನೇರಳೆ ಕಡ್ಡಿಯನ್ನು ಎರಡಂಗುಲದ ತುಂಡು ಮಾಡಿದರೆ ಅದು ಒಳ್ಳೆಯ ಗೊಬ್ಬರದ ವಸ್ತು. ಸೊಪ್ಪು ಕತ್ತರಿಸುವ ಯಂತ್ರವಿರುವವರು ಹಸಿ ಇರುವಾಗಲೇ ಕತ್ತರಿಸಬೇಕು. ಒಣಗಿದರೆ ಬ್ಲೇಡು ಕೆಡುತ್ತದೆ. ಈ ತುಂಡುಗಳನ್ನು ಹುಳುವಿನ ಹಿಕ್ಕೆ, ಉಳಿದ ಸೊಪ್ಪು, ಸಗಣಿ ಬಗ್ಗಡದೊಡನೆ ಪದರ ಪದರವಾಗಿ ಗುಂಡಿಗೆ ತುಂಬಿ, ತೇವ ಕಾಯ್ದುಕೊಂಡು, ತಿಂಗಳಿಗೊಮ್ಮೆ ತಿರುವಿ ಹಾಕಿದರೆ ನಾಲ್ಕು ತಿಂಗಳ ಹೊತ್ತಿಗೆ ಗೊಬ್ಬರ ಸಿದ್ಧ. ಐದಾರು ಮನೆಯವರು ಕೂಡಿ ಒಂದು ಯಂತ್ರ ಇಟ್ಟುಕೊಳ್ಳುವುದು ಲಾಭಕರ. ಗೊಬ್ಬರದ ವಿಧಾನದ ಬಗ್ಗೆ ಚಿಂತಾಮಣಿಯ ಕುರುಬೂರಿನಲ್ಲಿರುವ ಕೃಷಿ ವಿಜ್ಞಾನ ಕೇಂದ್ರ ಮತ್ತು ರೇಷ್ಮೆ ಕೃಷಿ ಮಹಾವಿದ್ಯಾಲಯದಲ್ಲಿ ವಿಚಾರಿಸಬಹುದು.

ಬೆಳೆಗೆ ಹಾಲುತೊಂಡೆ, ಸಪ್ಪೆ ಅಥವಾ ಸುಣ್ಣಕಟ್ಟು ರೋಗ ಬಂದಿದ್ದರೆ ಆ ಕಸವನ್ನು ಕಾಲುವೆಗೆ ಎಸೆಯುವುದು ಇನ್ನೂ ಕೆಟ್ಟದ್ದು. ರೋಗದ ಬೀಜ ನೀರಿನೊಡನೆ ಕೆಳಗಿನವರ ತೋಟ ಸೇರಿ, ಸೊಪ್ಪಿನ ಮೂಲಕ ಅವರ ಹುಳುವಿಗೆ ತಗಲುವ ಸಂಭವವಿದೆ. ಸತ್ತ ಹುಳುಗಳನ್ನು ಆರಿಸಿ, ಸುಣ್ಣ ಮತ್ತು ಬ್ಲೀಚಿಂಗ್ ಪುಡಿ ಬೆರೆಸಿ, ಆಳವಾದ ಗುಂಡಿಯಲ್ಲಿ ಹೂಳಬೇಕು.

ಇಷ್ಟಾದರೂ ಒಂದು ಪ್ರಶ್ನೆ ಉಳಿಯುತ್ತದೆ. ಹಳ್ಳಿಗಳಲ್ಲಿ ಈ ವಿಷಯ ಎತ್ತಿದರೆ ಬರುವ ಉತ್ತರ ಬಹುತೇಕ ಹೀಗಿರುತ್ತದೆ: “ಮೋರಿ ರಸ್ತೆಯೋರ್ದು, ಕಾಲುವೆ ಸರ್ಕಾರದ್ದು, ಕಸ ಮ್ಯಾಗಲೂರೋರ್ದು. ನಾವೇನ್ ಮಾಡೋದು ಸ್ವಾಮಿ?” ಈ ಮಾತಿನಲ್ಲಿ ಸತ್ಯವಿಲ್ಲದೇ ಇಲ್ಲ. ಹಿಂದೆ ಊರಿಗೊಬ್ಬ ನೀರುಗಂಟಿ ಇದ್ದಾಗ ತೂಬು, ಕೋಡಿ, ಕಾಲುವೆ ಎಲ್ಲ ಅವನ ಕಣ್ಣಿನಲ್ಲಿರುತ್ತಿತ್ತು. ಅಚ್ಚುಕಟ್ಟಿನ ಭತ್ತ ಹೋದಂತೆ ಅವನಿಗೆ ಸಲ್ಲುತ್ತಿದ್ದ ದವಸವೂ ಹೋಯಿತು. 2002ರಲ್ಲಿ ಪ್ರಾರಂಭವಾದ ಜಲ ಸಂವರ್ಧನೆ ಯೋಜನಾ ಸಂಘದ ಕಾಲದಲ್ಲಿ ಅನೇಕ ಊರುಗಳಲ್ಲಿ ಕೆರೆ ಬಳಕೆದಾರರ ಸಂಘಗಳು ರಚನೆಯಾದವು. ಅವು ಜೀವಂತವಾಗಿರುವ ಕಡೆ ಈ ಕೆಲಸಕ್ಕೆ ಅವೇ ತಕ್ಕವು. ಇಲ್ಲದ ಕಡೆ ಹಾಲು ಸಹಕಾರ ಸಂಘದವರೋ ಯುವಕ ಸಂಘದವರೋ ವಹಿಸಿಕೊಳ್ಳಬಹುದು. ಕಾಲುವೆ ಶುಚಿ ಮಾಡುವುದನ್ನು ಉದ್ಯೋಗ ಖಾತರಿ ಕಾಮಗಾರಿಯಲ್ಲಿ ಸೇರಿಸುವಂತೆ ಗ್ರಾಮಸಭೆಯಲ್ಲಿ ಕೇಳಬೇಕು. ಕೇಳುವಾಗ “ಮೋರಿಯ ಒಳಭಾಗವೂ ಸೇರಿದಂತೆ” ಎಂಬ ಮಾತನ್ನು ಬರೆಸಿಕೊಳ್ಳಬೇಕು. ಇಲ್ಲದಿದ್ದರೆ ಯಂತ್ರವು ಕಾಲುವೆಯನ್ನು ರಸ್ತೆಯ ಅಂಚಿನವರೆಗೆ ಎತ್ತಿ, ಮೋರಿಯನ್ನು ಬಿಟ್ಟು, ಆಚೆ ಬದಿಯಿಂದ ಮತ್ತೆ ಪ್ರಾರಂಭಿಸುತ್ತದೆ.

ವಿಸ್ತರಣಾ ಕಾರ್ಯಕರ್ತರು ತಮ್ಮ ವೃತ್ತದ ಪ್ರತಿ ಕೆರೆಗೂ ನೀರು ಬರುವ ದಾರಿಯಲ್ಲಿ ಎಷ್ಟು ಮೋರಿಗಳಿವೆ, ಅವುಗಳ ಅಳತೆ ಎಷ್ಟು, ಯಾವ ಇಲಾಖೆಗೆ ಸೇರಿದವು, ಒಳಗೆ ಎಷ್ಟು ಹೂಳಿದೆ ಎಂಬ ಪಟ್ಟಿಯನ್ನು ಜುಲೈ ಕೊನೆಯೊಳಗೆ ಮಾಡಿಟ್ಟುಕೊಂಡರೆ, ಆಗಸ್ಟಿನಲ್ಲಿ ಕೆಲಸ ಹಿಡಿಯಲು ಅನುಕೂಲ. ಪಟ್ಟಿ ಮಾಡುವಾಗ ಕಾಲುವೆಯ ಮೇಲೆಯೇ ನಡೆದು ಹೋಗಬೇಕು. ರಸ್ತೆಯ ಮೇಲೆ ಬೈಕಿನಲ್ಲಿ ಹೋದರೆ ಅರ್ಧ ಮೋರಿಗಳು ಕಾಣುವುದೇ ಇಲ್ಲ; ಲಂಟಾನ ಮುಚ್ಚಿರುತ್ತದೆ.